ಗುಜರಿಯಿಂದ ಬಂದ ಇಂಜೆಕ್ಟರ್: ಗುರುತು, ಅಳತೆ ಮತ್ತು ಅಸಲು

ಪೀಠಿಕೆ

ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿಗೆ ಸೇರಿದ ಅತ್ತಿಬೆಲೆಯು ಕರ್ನಾಟಕ ಹಾಗೂ ತಮಿಳುನಾಡಿನ ಗಡಿಯಲ್ಲಿ, ಹಿಂದೆ 7ನೆಯ ಸಂಖ್ಯೆಯದಾಗಿದ್ದು ಈಗ 44ನೆಯ ಸಂಖ್ಯೆ ಪಡೆದಿರುವ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಒಂದು ಕಡೆ ಬೊಮ್ಮಸಂದ್ರ, ಜಿಗಣಿ ಮತ್ತು ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ಹೊಸೂರು. ಎರಡು ರಾಜ್ಯಗಳ ಕೈಗಾರಿಕಾ ಪ್ರದೇಶಗಳ ನಡುವೆ ಇರುವ ಇಂತಹ ಊರಿನಲ್ಲಿ ವಾಹನ ದುರಸ್ತಿ ಮತ್ತು ಬಳಸಿದ ಬಿಡಿಭಾಗಗಳ ವ್ಯಾಪಾರಕ್ಕೆ ಅವಕಾಶವಿರುವುದು ಸಹಜವೇ ಆಗಿದೆ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋಗಿ ಮಾಲು ಆರಿಸಿ ತರುತ್ತಿದ್ದ ಸಣ್ಣ ವರ್ತಕರಿಗೆ ಈಗ ಸ್ಥಳೀಯವಾಗಿಯೇ ಕಳಚಿದ ವಾಹನಗಳ ಮಾಲು ಲಾಟಿನ ಲೆಕ್ಕದಲ್ಲಿ ದೊರೆಯುವುದುಂಟು.

ಇಂತಹ ಲಾಟುಗಳಲ್ಲಿ ಬರುವ ವಸ್ತುಗಳ ಪೈಕಿ ಇಂಧನ ಇಂಜೆಕ್ಟರ್ ಎಂಬುದು ಗಾತ್ರದಲ್ಲಿ ಬೆರಳಿನಷ್ಟೇ ಇದ್ದರೂ ವ್ಯವಹಾರದ ದೃಷ್ಟಿಯಿಂದ ವಿಶೇಷವಾದುದು. ಲೋಹವೆಂದು ತೂಗಿದರೆ ಅದರ ಬೆಲೆ ಕೆಲವೇ ರೂಪಾಯಿ. ಯಾವ ಎಂಜಿನ್ನಿನದು, ಎಷ್ಟು ಹರಿವು, ಸ್ಥಿತಿ ಹೇಗಿದೆ ಎಂಬುದು ಖಚಿತವಾದರೆ ಅದೇ ವಸ್ತು ನೂರಾರು ರೂಪಾಯಿಗೆ ಮಾರಾಟವಾಗುತ್ತದೆ. ತಪ್ಪು ಎಂಜಿನ್ನಿಗೆ ಹಾಕಿದರೆ ಸಾವಿರಾರು ರೂಪಾಯಿಯ ನಷ್ಟಕ್ಕೆ ಕಾರಣವಾಗುತ್ತದೆ. ಆದ್ದರಿಂದ ಈ ವ್ಯಾಪಾರದಲ್ಲಿ ಬಂಡವಾಳವೆಂದರೆ ಮಾಲಿನಷ್ಟೇ ಮಾಲಿನ ಬಗೆಗಿನ ದಾಖಲೆಯೂ ಹೌದು. ಗುರುತು ಮತ್ತು ಪರೀಕ್ಷೆಯ ದಾಖಲೆ ಇಲ್ಲದ ಇಂಜೆಕ್ಟರನ್ನು ದಾಸ್ತಾನು ಎಂದು ಲೆಕ್ಕಕ್ಕೆ ಹಿಡಿಯುವುದು ಸಮಂಜಸವಲ್ಲ. ಅದು ಗುಜರಿಯೇ ಸರಿ.

ಹಿನ್ನೆಲೆ

ಇಂಜೆಕ್ಟರ್ ಬೆಂಗಳೂರಿಗೆ ಹೊಸ ವಸ್ತುವಲ್ಲ. 1951ರಲ್ಲಿ ಸ್ಥಾಪನೆಯಾಗಿ ಜನರ ಬಾಯಲ್ಲಿ ಮೈಕೋ ಎಂದೇ ಹೆಸರಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಆಡುಗೋಡಿಯ ಕಾರ್ಖಾನೆಯಲ್ಲಿ ದಶಕಗಳ ಕಾಲ ಡೀಸೆಲ್ ಎಂಜಿನ್ನುಗಳ ಇಂಧನ ಉಪಕರಣಗಳನ್ನು ತಯಾರಿಸಿತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎಂಬ ಹೆಸರು ಪಡೆಯಿತು. ಹೆದ್ದಾರಿಯುದ್ದಕ್ಕೂ ಕಂಡುಬರುವ ಪಂಪು-ನಾಝಲ್ ದುರಸ್ತಿಗಾರರ ವೃತ್ತಿ ಬೆಳೆದದ್ದು ಲಾರಿ, ಬಸ್ಸು ಮತ್ತು ಟ್ರ್ಯಾಕ್ಟರುಗಳ ಇಂತಹ ಉಪಕರಣಗಳ ಆಧಾರದಲ್ಲಿ.

ಪೆಟ್ರೋಲ್ ಕಾರುಗಳಲ್ಲಿ ಮಾತ್ರ ಬಹುಕಾಲ ಕಾರ್ಬ್ಯುರೇಟರೇ ಇತ್ತು. 2000ದ ನಂತರ ಹೊಗೆಯ ಮಾನದಂಡಗಳು ಹಂತಹಂತವಾಗಿ ಬಿಗಿಯಾದಂತೆ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುವ ಎಂಪಿಎಫ್‌ಐ ವ್ಯವಸ್ಥೆ ಸಾರ್ವತ್ರಿಕವಾಯಿತು. ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ 2005ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್-3 ಹಾಗೂ 2010ರ ಏಪ್ರಿಲ್‌ನಿಂದ ಸ್ಟೇಜ್-4 ಜಾರಿಗೆ ಬಂದವು. 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಸ್ಟೇಜ್-4, 2020ರ ಏಪ್ರಿಲ್ 1ರಿಂದ ಸ್ಟೇಜ್-6 ಅನ್ವಯವಾದವು. ಪ್ರತಿ ಹಂತದಲ್ಲಿಯೂ ಎಂಜಿನ್ನಿನ ಹೆಸರು ಅದೇ ಉಳಿದು ಇಂಜೆಕ್ಟರ್ ಮಾತ್ರ ಬದಲಾಗಿರುವ ಸಾಧ್ಯತೆಯುಂಟು. ‘ಇದು ಇಂತಹ ಕಾರಿನದು’ ಎಂಬ ಮಾರುವವನ ಮಾತಿನಿಂದಲೇ ವ್ಯಾಪಾರ ಮಾಡಲಾಗದಿರುವುದಕ್ಕೆ ಇದು ಮುಖ್ಯ ಕಾರಣ.

ಕಾರ್ಯವಿಧಾನ

ಪೆಟ್ರೋಲ್ ಇಂಜೆಕ್ಟರ್ ವಾಸ್ತವವಾಗಿ ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ಸಣ್ಣ ನಲ್ಲಿ. ಪಂಪಿನಿಂದ ಬಂದ ಪೆಟ್ರೋಲ್ ಸಾಮಾನ್ಯವಾಗಿ ಸುಮಾರು 3 ಬಾರ್ ಒತ್ತಡದಲ್ಲಿ ಇಂಜೆಕ್ಟರಿನ ಮೇಲ್ತುದಿಯಲ್ಲಿ ಕಾದಿರುತ್ತದೆ. ಎಂಜಿನ್ನಿನ ನಿಯಂತ್ರಣ ಘಟಕ, ಅಂದರೆ ಇಸಿಯು, ಒಳಗಿನ ತಂತಿಯ ಸುರುಳಿಗೆ ವಿದ್ಯುತ್ ಹರಿಸಿದಾಗ ಸೂಜಿಯು ಮೇಲೇಳುತ್ತದೆ ಮತ್ತು ಪೆಟ್ರೋಲ್ ಸೂಕ್ಷ್ಮ ರಂಧ್ರಗಳ ಮೂಲಕ ಸಿಂಪರಣೆಯಾಗುತ್ತದೆ. ಎಷ್ಟು ಇಂಧನ ಹೋಯಿತೆಂಬುದನ್ನು ಇಸಿಯು ನೇರವಾಗಿ ಅಳೆಯುವುದಿಲ್ಲ. ಎಷ್ಟು ಮಿಲಿಸೆಕೆಂಡು ತೆರೆದಿಟ್ಟರೆ ಎಷ್ಟು ಇಂಧನ ಹೋಗುತ್ತದೆ ಎಂಬ ಲೆಕ್ಕವನ್ನು ಕಾರ್ಖಾನೆಯಲ್ಲಿಯೇ ಅದರಲ್ಲಿ ತುಂಬಲಾಗಿರುತ್ತದೆ. ಬೇರೆ ಹರಿವಿನ ಇಂಜೆಕ್ಟರ್ ಹಾಕಿದಾಗ ಈ ಲೆಕ್ಕ ತಪ್ಪುತ್ತದೆ. ಆಕ್ಸಿಜನ್ ಸಂವೇದಕದ ಸಹಾಯದಿಂದ ಇಸಿಯು ಸ್ವಲ್ಪ ಮಟ್ಟಿಗೆ ತಿದ್ದಿಕೊಳ್ಳಬಲ್ಲದಾದರೂ ಅದಕ್ಕೊಂದು ಮಿತಿಯಿದೆ.

ಹರಿವು ಕಡಿಮೆಯಾದರೆ ಭಾರ ಎಳೆಯುವಾಗ ಎಂಜಿನ್ನಿಗೆ ಇಂಧನ ಸಾಲದೆ ಶಾಖ ಹೆಚ್ಚಿ ಪಿಸ್ಟನ್ ಮತ್ತು ವಾಲ್ವುಗಳಿಗೆ ಅಪಾಯವಾಗುತ್ತದೆ. ಹೆಚ್ಚಾದರೆ ಇಂಧನ ವ್ಯರ್ಥವಾಗುತ್ತದೆ, ಕಪ್ಪು ಹೊಗೆ ಬರುತ್ತದೆ, ಕೆಟಲಿಟಿಕ್ ಕನ್ವರ್ಟರ್ ಕೆಡುತ್ತದೆ. ‘ದೊಡ್ಡದಿದ್ದರೆ ಒಳ್ಳೆಯದು’ ಎಂಬ ಭಾವನೆಗೆ ಇಲ್ಲಿ ಆಧಾರವಿಲ್ಲ.

ಗುರುತಿಸುವ ಕ್ರಮ

ಲಾಟು ಅಂಗಡಿಗೆ ಬಂದೊಡನೆ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ.

1. ಸಂಖ್ಯೆಯನ್ನು ಓದುವುದು. ಇಂಜೆಕ್ಟರಿನ ದೇಹದ ಮೇಲೆ ಅಥವಾ ಪ್ಲಾಸ್ಟಿಕ್ ಭಾಗದ ಮೇಲೆ ತಯಾರಕರ ಸಂಖ್ಯೆ ಇರುತ್ತದೆ. ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಸಂಖ್ಯೆ ಅಳಿಯುವುದರಿಂದ ಬಟ್ಟೆಯಿಂದ ಒರೆಸಿ ಛಾಯಾಚಿತ್ರ ತೆಗೆದಿಡಬೇಕು. ಬಾಷ್ ಸಂಸ್ಥೆಯ ಸಂಖ್ಯೆ ಹತ್ತು ಅಂಕಿಯದು. 0 280 150, 0 280 155, 0 280 156, 0 280 158 ಎಂದು ಆರಂಭವಾದರೆ ಅದು ಸಾಮಾನ್ಯ ಪೆಟ್ರೋಲ್ ಇಂಜೆಕ್ಟರ್. 0 261 500 ಎಂದಿದ್ದರೆ ಸಿಲಿಂಡರಿನ ಒಳಕ್ಕೇ ಪೆಟ್ರೋಲ್ ಸಿಂಪಡಿಸುವ ಅಧಿಕ ಒತ್ತಡದ ಬಗೆಯದು. 0 445 110 ಎಂದಿದ್ದರೆ ಕಾಮನ್ ರೈಲ್ ಡೀಸೆಲ್‌ನದು. ಡೆನ್ಸೊ ಸಂಸ್ಥೆಯ ಕಾಮನ್ ರೈಲ್ ಇಂಜೆಕ್ಟರ್‌ಗಳಲ್ಲಿ 095000 ಎಂಬ ಆರಂಭವನ್ನೂ ಡೆಲ್ಫಿಯವುಗಳಲ್ಲಿ ಇಜೆಬಿಆರ್ ಎಂಬ ಅಕ್ಷರಗಳನ್ನೂ ಕಾಣಬಹುದು. ಮೊದಲ ಭಾಗವು ಬಗೆಯನ್ನು ಮಾತ್ರ ತಿಳಿಸುತ್ತದೆ. ನಿಜವಾದ ಗುರುತು ಕೊನೆಯ ಅಂಕಿಗಳಲ್ಲಿದೆ. ಕೊನೆಯ ಒಂದೇ ಅಂಕಿ ವ್ಯತ್ಯಾಸವಾದರೂ ಹರಿವು, ಸಿಂಪರಣೆಯ ಕೋನ ಅಥವಾ ಪ್ಲಗ್ಗು ಬೇರೆಯಾಗಿರಬಹುದು.

2. ವಾಹನ ತಯಾರಕರ ಸಂಖ್ಯೆಯೊಡನೆ ತಾಳೆ ನೋಡುವುದು. ಬಿಡಿಭಾಗಗಳ ಕ್ಯಾಟಲಾಗಿನಲ್ಲಿ ಪೆಟ್ರೋಲ್ ಇಂಜೆಕ್ಟರಿಗೆ ಸುಜುಕಿಯವರು 15710, ಹ್ಯುಂಡೈಯವರು 35310, ಟೊಯೊಟಾದವರು 23250, ಹೋಂಡಾದವರು 16450 ಎಂಬ ಮುಂಭಾಗವನ್ನು ಬಳಸುತ್ತಾರೆ. ಈ ಸಂಖ್ಯೆ ಇಂಜೆಕ್ಟರಿನ ಮೇಲೆ ಇರಲೇಬೇಕೆಂದಿಲ್ಲ. ಆದರೆ ಗಿರಾಕಿಯು ಸಾಮಾನ್ಯವಾಗಿ ಕೇಳುವುದು ಇದನ್ನೇ ಆದ್ದರಿಂದ ಎರಡನ್ನೂ ಎದುರುಬದುರಾಗಿ ಬರೆದಿಟ್ಟ ಪುಸ್ತಕವೊಂದು ಅಂಗಡಿಯಲ್ಲಿರಬೇಕು.

3. ಅಳತೆ ತೆಗೆಯುವುದು. ಮೇಲಿನ ಮತ್ತು ಕೆಳಗಿನ ಓ-ರಿಂಗುಗಳ ನಡುವಿನ ಅಂತರವನ್ನೂ ಓ-ರಿಂಗುಗಳ ಹೊರವ್ಯಾಸವನ್ನೂ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬೇಕು. ಬಾಷ್ ಮಾದರಿಗಳಲ್ಲಿ ಮೇಲಿನ ವ್ಯಾಸ ಸಾಮಾನ್ಯವಾಗಿ ಸುಮಾರು 14 ಮಿಲಿಮೀಟರ್. ಜಪಾನೀ ಮೂಲದ ಅನೇಕ ಮಾದರಿಗಳಲ್ಲಿ ಸುಮಾರು 11 ಮಿಲಿಮೀಟರ್. ಬಾಷ್‌ನ ಇವಿ14 ಎಂಬ ಒಂದೇ ಮಾದರಿಯು ಮೂರು ಉದ್ದಗಳಲ್ಲಿ ಬರುತ್ತದೆ. ಉದ್ದ ಹೊಂದದ ಇಂಜೆಕ್ಟರನ್ನು ಒತ್ತಿ ಕೂರಿಸಿದರೆ ಪೆಟ್ರೋಲ್ ಸೋರಿ ಬೆಂಕಿಯ ಅಪಾಯವುಂಟು.

4. ಪ್ಲಗ್ಗು ಮತ್ತು ರಂಧ್ರಗಳನ್ನು ಗಮನಿಸುವುದು. ವಿದ್ಯುತ್ ಪ್ಲಗ್ಗಿನ ಆಕಾರ ಮತ್ತು ಅದರ ಬೀಗದ ದಿಕ್ಕನ್ನು ಬರೆದುಕೊಳ್ಳಬೇಕು. ಭೂತಗನ್ನಡಿಯಲ್ಲಿ ನೋಡಿದರೆ ತುದಿಯ ರಂಧ್ರಗಳ ಸಂಖ್ಯೆ ತಿಳಿಯುತ್ತದೆ. ಸಿಲಿಂಡರಿಗೆ ಎರಡು ಒಳಹರಿವಿನ ವಾಲ್ವುಗಳಿರುವ ಎಂಜಿನ್ನುಗಳಲ್ಲಿ ಸಿಂಪರಣೆಯು ಎರಡು ಧಾರೆಗಳಾಗಿ ಒಡೆಯುವುದುಂಟು. ಅಂತಹ ಕಡೆ ಒಂದೇ ಧಾರೆಯದನ್ನು ಹಾಕಿದರೆ ಇಂಧನವು ಎರಡು ವಾಲ್ವುಗಳ ನಡುವಿನ ಗೋಡೆಗೆ ಬಡಿಯುತ್ತದೆ.

5. ರೋಧ ಅಳೆಯುವುದು. ಮಲ್ಟಿಮೀಟರಿನಿಂದ ಎರಡು ಪಿನ್ನುಗಳ ನಡುವಿನ ರೋಧವನ್ನು ಓಮ್‌ಗಳಲ್ಲಿ ನೋಡಬೇಕು. ಈಗಿನ ಬಹುತೇಕ ಪೆಟ್ರೋಲ್ ಇಂಜೆಕ್ಟರ್‌ಗಳಲ್ಲಿ ಇದು 12ರಿಂದ 16 ಓಮ್ ಇರುತ್ತದೆ. 2ರಿಂದ 3 ಓಮ್ ಬಂದರೆ ಅದು ಕಡಿಮೆ ರೋಧದ ಬಗೆ. ಅದನ್ನು ಹೆಚ್ಚು ರೋಧದ ಬಗೆಗೆಂದು ರಚಿಸಿದ ಇಸಿಯುವಿಗೆ ಜೋಡಿಸಿದರೆ ಇಸಿಯುವೇ ಸುಟ್ಟುಹೋಗಬಹುದು. ಓದಿಕೆ ಬರದಿದ್ದರೆ ಸುರುಳಿ ತುಂಡಾಗಿದೆ ಎಂದರ್ಥ. ಅಂತಹುದನ್ನು ತಕ್ಷಣ ಗುಜರಿಯ ಪೆಟ್ಟಿಗೆಗೆ ಹಾಕಬೇಕು. ಕಡಿಮೆ ರೋಧದ ಇಂಜೆಕ್ಟರನ್ನು ಪರೀಕ್ಷಿಸುವಾಗ ಬ್ಯಾಟರಿಯ 12 ವೋಲ್ಟನ್ನು ನೇರವಾಗಿ ಕೊಟ್ಟು ಹಿಡಿಯಬಾರದು, ಸುರುಳಿ ಸುಡುತ್ತದೆ.

ಈ ಐದು ಹೆಜ್ಜೆಗಳಿಗೆ ಬೇಕಾಗುವ ಸಲಕರಣೆಯೆಂದರೆ ಒಂದು ಕ್ಯಾಲಿಪರ್, ಒಂದು ಮಲ್ಟಿಮೀಟರ್, ಒಂದು ಭೂತಗನ್ನಡಿ ಮತ್ತು ಒಂದು ಪುಸ್ತಕ. ಲಾಟಿನ ಗಣನೀಯ ಭಾಗವನ್ನು ಇಷ್ಟರಲ್ಲಿಯೇ ಬೇರ್ಪಡಿಸಲು ಸಾಧ್ಯ.

ಹರಿವಿನ ಪರೀಕ್ಷೆ

ಹೊರಗುರುತು ಎಷ್ಟೇ ಸರಿಯಿದ್ದರೂ ಒಳಗೆ ಕೊಳೆ ಕಟ್ಟಿದ ಇಂಜೆಕ್ಟರಿನ ಹರಿವು ಕಡಿಮೆಯಾಗಿರುತ್ತದೆ. ಆದ್ದರಿಂದ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಶುದ್ಧಗೊಳಿಸಿ, ಒಳಗಿನ ಸಣ್ಣ ಜರಡಿ ಮತ್ತು ಓ-ರಿಂಗುಗಳನ್ನು ಹೊಸದಾಗಿ ಹಾಕಿ ಹರಿವಿನ ಪರೀಕ್ಷೆ ನಡೆಸಬೇಕು. ಸ್ವಂತ ಯಂತ್ರ ಇಲ್ಲದವರು ಪರೀಕ್ಷಾ ಕೇಂದ್ರದಲ್ಲಿ ಬಿಡಿ ಲೆಕ್ಕದಲ್ಲಿ ಮಾಡಿಸಬಹುದು. ಪೆಟ್ರೋಲನ್ನು ತೆರೆದ ಪಾತ್ರೆಗೆ ಸಿಂಪಡಿಸಿ ಪರೀಕ್ಷಿಸುವುದು ಅತ್ಯಂತ ಅಪಾಯಕಾರಿ. ಯಂತ್ರಕ್ಕೆಂದೇ ಇರುವ ಪರೀಕ್ಷಾ ದ್ರವವನ್ನು ಮಾತ್ರ ಬಳಸಬೇಕು.

ಇಂಜೆಕ್ಟರನ್ನು 3 ಬಾರ್ ಒತ್ತಡದಲ್ಲಿ 15 ಸೆಕೆಂಡು ಪೂರ್ತಿ ತೆರೆದಿಟ್ಟು, ಗಾಜಿನ ಕೊಳವೆಯಲ್ಲಿ ಬಿದ್ದ ದ್ರವವನ್ನು ಅಳೆದು ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಸಿಸಿ ಎಂಬುದು ದೊರೆಯುತ್ತದೆ. ಉದಾಹರಣೆಗೆ, ಒಂದೇ ಸಂಖ್ಯೆಯ ನಾಲ್ಕು ಇಂಜೆಕ್ಟರ್‌ಗಳಿಂದ 38, 37, 38 ಮತ್ತು 34 ಸಿಸಿ ಬಂದರೆ ಅವುಗಳ ಹರಿವು ನಿಮಿಷಕ್ಕೆ 152, 148, 152 ಮತ್ತು 136 ಸಿಸಿ ಆಗುತ್ತದೆ. ಸರಾಸರಿ 147. ನಾಲ್ಕನೆಯದು ಸರಾಸರಿಗಿಂತ ಸುಮಾರು ಶೇ. 7.5ರಷ್ಟು ಕಡಿಮೆ. ಒಂದು ಜೊತೆಯ ಇಂಜೆಕ್ಟರ್‌ಗಳ ನಡುವಿನ ವ್ಯತ್ಯಾಸವು ಶೇ. 2ರಿಂದ 5ರ ಒಳಗಿರುವುದು ಅಪೇಕ್ಷಣೀಯ. ಆದ್ದರಿಂದ ನಾಲ್ಕನೆಯದನ್ನು ಮತ್ತೊಮ್ಮೆ ಶುದ್ಧಗೊಳಿಸಬೇಕು, ಆಗಲೂ ಸುಧಾರಿಸದಿದ್ದರೆ ತೆಗೆದುಹಾಕಬೇಕು. ಅನಂತರ ಮುಚ್ಚಿದ ಸ್ಥಿತಿಯಲ್ಲಿ ಒತ್ತಡ ಕೊಟ್ಟು ತುದಿಯಲ್ಲಿ ತೊಟ್ಟಿಕ್ಕುವುದೇ ಎಂದು ನೋಡಬೇಕು. ನಿಮಿಷಕ್ಕೆ ಒಂದು ತೊಟ್ಟಿಗಿಂತ ಹೆಚ್ಚು ಬಿದ್ದರೆ ಅದು ಮಾರಾಟಕ್ಕೆ ಯೋಗ್ಯವಲ್ಲ.

ಬೇರೆ ಬೇರೆ ಪರೀಕ್ಷಾ ದ್ರವಗಳಲ್ಲಿ ಫಲಿತಾಂಶ ಸ್ವಲ್ಪ ಬೇರೆಯಾಗುವುದರಿಂದ ದ್ರವದ ಹೆಸರು ಮತ್ತು ಒತ್ತಡವನ್ನು ಫಲಿತಾಂಶದ ಜೊತೆಯಲ್ಲಿಯೇ ಬರೆಯಬೇಕು. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಬದಲಾಗುತ್ತದೆ. 3 ಬಾರ್‌ನಲ್ಲಿ 150 ಸಿಸಿ ಕೊಡುವ ಇಂಜೆಕ್ಟರ್ 4 ಬಾರ್‌ನಲ್ಲಿ ಸುಮಾರು 173 ಸಿಸಿ, 2.5 ಬಾರ್‌ನಲ್ಲಿ ಸುಮಾರು 137 ಸಿಸಿ ಕೊಡುತ್ತದೆ. ಒತ್ತಡ ತಿಳಿಸದೆ ಹರಿವನ್ನು ಮಾತ್ರ ಹೇಳುವುದು ಅಳತೆಗೋಲು ತಿಳಿಸದೆ ಉದ್ದ ಹೇಳಿದಂತೆ. ಹಳೆಯ ಅಮೆರಿಕನ್ ಪಟ್ಟಿಗಳಲ್ಲಿ ಗಂಟೆಗೆ ಇಷ್ಟು ಪೌಂಡು ಎಂದಿರುತ್ತದೆ. ಗಂಟೆಗೆ ಒಂದು ಪೌಂಡು ಎಂದರೆ ನಿಮಿಷಕ್ಕೆ ಸುಮಾರು 10.5 ಸಿಸಿ.

ಯಾವ ಎಂಜಿನ್ನಿಗೆ ಎಷ್ಟು?

ಸಂಖ್ಯೆ ಅಳಿಸಿಹೋದ ಇಂಜೆಕ್ಟರಿನ ವಿಷಯದಲ್ಲಿಯೂ ಎಂಜಿನ್ನಿನ ಶಕ್ತಿ ಹೆಚ್ಚಿಸಿ ಕಟ್ಟಿದ ಸಂದರ್ಭದಲ್ಲಿಯೂ ಬೇಕಾದ ಹರಿವನ್ನು ಅಂದಾಜು ಮಾಡುವ ಲೆಕ್ಕವೊಂದಿದೆ. ಸಾಮಾನ್ಯ ಪೆಟ್ರೋಲ್ ಎಂಜಿನ್ನು ಪೂರ್ಣ ಭಾರದಲ್ಲಿ ಒಂದು ಕಿಲೋವ್ಯಾಟ್ ಶಕ್ತಿಗೆ ಗಂಟೆಗೆ ಸುಮಾರು 305 ಗ್ರಾಂ ಇಂಧನ ಬೇಡುತ್ತದೆ. ಇಂಜೆಕ್ಟರನ್ನು ಗರಿಷ್ಠ ಶೇ. 80ರಷ್ಟು ಕಾಲ ಮಾತ್ರ ತೆರೆದಿಡುವುದು ವಾಡಿಕೆ.

60 ಕಿಲೋವ್ಯಾಟಿನ ನಾಲ್ಕು ಸಿಲಿಂಡರ್ ಎಂಜಿನ್ನನ್ನು ತೆಗೆದುಕೊಳ್ಳೋಣ. ಗಂಟೆಗೆ ಬೇಕಾದ ಇಂಧನ 60 × 305 = 18,300 ಗ್ರಾಂ. ನಾಲ್ಕರಿಂದ ಭಾಗಿಸಿದರೆ ಒಂದು ಇಂಜೆಕ್ಟರಿಗೆ 4,575 ಗ್ರಾಂ. ಅದನ್ನು 0.8ರಿಂದ ಭಾಗಿಸಿದರೆ ಸುಮಾರು 5,719 ಗ್ರಾಂ, ಅಂದರೆ ನಿಮಿಷಕ್ಕೆ ಸುಮಾರು 95 ಗ್ರಾಂ. ಪೆಟ್ರೋಲಿನ ಸಾಂದ್ರತೆ 0.74 ಎಂದು ಹಿಡಿದರೆ ನಿಮಿಷಕ್ಕೆ ಸುಮಾರು 129 ಸಿಸಿ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಗಾತ್ರದ ಲೆಕ್ಕದಲ್ಲಿ ಇನ್ನೂ ಶೇ. 7ರಿಂದ 8ರಷ್ಟು ಹೆಚ್ಚು ಬೇಕಾಗುವುದರಿಂದ ಈ ಅಂಕಿ ಸುಮಾರು 139 ಸಿಸಿ ಆಗುತ್ತದೆ. ಕೊಳೆ ಕಟ್ಟಿ ಹರಿವು ಕುಗ್ಗಿದ ಹಳೆಯ ಇಂಜೆಕ್ಟರ್ ಹಿಂದಿನ ಪೆಟ್ರೋಲಿನಲ್ಲಿ ಹೇಗೋ ನಡೆಯುತ್ತಿದ್ದರೂ ಇಂದಿನ ಪೆಟ್ರೋಲಿನಲ್ಲಿ ಸಾಲದೆ ಹೋಗುವುದು ಇದರಿಂದಲೇ. ಎಥೆನಾಲ್ ತಾಳುವ ಗುಣಮಟ್ಟದ ಓ-ರಿಂಗುಗಳನ್ನೇ ಹಾಕಬೇಕಾದುದೂ ಇದೇ ಕಾರಣಕ್ಕೆ ಅವಶ್ಯ.

ಆದರೆ ಒಂದು ಎಚ್ಚರಿಕೆ. ಈ ಲೆಕ್ಕವು ಮೂಲ ಸಂಖ್ಯೆಗೆ ಬದಲಿಯಲ್ಲ. ಮಾರ್ಪಡಿಸದ ಕಾರಿಗೆ ಕಾರ್ಖಾನೆಯು ನಿಗದಿಪಡಿಸಿದ ಸಂಖ್ಯೆಯ ಇಂಜೆಕ್ಟರೇ ಸರಿ. ಲೆಕ್ಕದಲ್ಲಿ 129 ಬಂದಿತೆಂದು 130 ಸಿಸಿಯ ಯಾವುದೋ ಇಂಜೆಕ್ಟರನ್ನು ಕೊಡುವಂತಿಲ್ಲ. ಸಿಂಪರಣೆಯ ಕೋನ, ತೆರೆಯಲು ಹಿಡಿಯುವ ಕಾಲ ಮತ್ತು ರೋಧ ಇವೂ ಹೊಂದಬೇಕು. ಸಂಖ್ಯೆ ಅಳಿದದ್ದನ್ನು ಗೊತ್ತಿರುವ ಮಾದರಿಯೊಡನೆ ಎಲ್ಲ ಅಳತೆಗಳಲ್ಲಿಯೂ ಹೋಲಿಸಿ, ಎಲ್ಲವೂ ಹೊಂದಿದರೆ ಮಾತ್ರ ಆ ಮಾದರಿಗೆ ಸೇರಿಸಬಹುದು.

ಡೀಸೆಲ್ ಇಂಜೆಕ್ಟರಿನ ವಿಷಯ

ಕಾಮನ್ ರೈಲ್ ಡೀಸೆಲ್ ಇಂಜೆಕ್ಟರ್ ಕೆಲಸ ಮಾಡುವುದು 1,600 ಬಾರ್ ಹಾಗೂ ಅದಕ್ಕೂ ಮೀರಿದ ಒತ್ತಡದಲ್ಲಿ. ಆ ಒತ್ತಡದ ಧಾರೆ ಚರ್ಮವನ್ನು ಭೇದಿಸಬಲ್ಲದು. ಆದ್ದರಿಂದ ಇದನ್ನು ಸಾಮಾನ್ಯ ಅಂಗಡಿಯಲ್ಲಿ ಪರೀಕ್ಷಿಸಲು ಯತ್ನಿಸಬಾರದು. ಅಧಿಕ ಒತ್ತಡದ ಯಂತ್ರವಿರುವ ಡೀಸೆಲ್ ಕೇಂದ್ರಕ್ಕೇ ಕಳುಹಿಸಬೇಕು.

ಇದಕ್ಕಿಂತಲೂ ಮುಖ್ಯವಾದುದು ತಿದ್ದುಪಡಿ ಸಂಕೇತ. ಎರಡು ಡೀಸೆಲ್ ಇಂಜೆಕ್ಟರ್‌ಗಳು ಸಂಪೂರ್ಣ ಒಂದೇ ಸಮನಾಗಿರಲು ಸಾಧ್ಯವಿಲ್ಲದ ಕಾರಣ ತಯಾರಕರು ಪ್ರತಿಯೊಂದನ್ನೂ ಪರೀಕ್ಷಿಸಿ ಅದರ ವ್ಯತ್ಯಾಸವನ್ನು ಸೂಚಿಸುವ ಸಂಕೇತವನ್ನು ಅದರ ತಲೆಯ ಮೇಲೆ ಕೆತ್ತುತ್ತಾರೆ. ಬಾಷ್‌ನವರು ಇದನ್ನು ಐಎಂಎ ಎಂದು ಕರೆಯುತ್ತಾರೆ. ಡೆಲ್ಫಿ ಮತ್ತು ಡೆನ್ಸೊದವರ ಕ್ರಮ ಬೇರೆ. ಇಂತಹ ಎಂಜಿನ್ನುಗಳಲ್ಲಿ ಇಂಜೆಕ್ಟರ್ ಬದಲಿಸಿದಾಗ ಈ ಸಂಕೇತವನ್ನು ಸ್ಕ್ಯಾನರ್ ಮೂಲಕ ಇಸಿಯುವಿಗೆ ತಿಳಿಸಬೇಕು. ಸಂಕೇತ ಅಳಿದುಹೋದ ಇಂಜೆಕ್ಟರಿನ ಬೆಲೆ ಗಣನೀಯವಾಗಿ ತಗ್ಗುತ್ತದೆ.

ಎಂಜಿನ್ನಿನ ಹೆಸರು ಸಾಲದೆಂಬುದಕ್ಕೆ ಫಿಯೆಟ್ ಮೂಲದ 1.3 ಲೀಟರ್ ಮಲ್ಟಿಜೆಟ್ ಉತ್ತಮ ನಿದರ್ಶನ. ಇದೇ ಎಂಜಿನ್ನು ಮಾರುತಿ ಸ್ವಿಫ್ಟ್‌ನಲ್ಲಿ ಡಿಡಿಐಎಸ್ ಎಂದೂ ಟಾಟಾ ಇಂಡಿಕಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್ ಎಂದೂ ಬಂದಿತು. 75 ಮತ್ತು 90 ಅಶ್ವಶಕ್ತಿಯ ರೂಪಗಳಲ್ಲಿಯೂ ಇತ್ತು. ಮಾರುತಿಯವರು 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರುಗಳನ್ನು ನಿಲ್ಲಿಸಿದರೂ ಈ ಎಂಜಿನ್ನಿನ ವಾಹನಗಳು ಇಂದಿಗೂ ರಸ್ತೆಯಲ್ಲಿವೆ. ‘ಮಲ್ಟಿಜೆಟ್ ಇಂಜೆಕ್ಟರ್’ ಎಂದು ಚೀಟಿ ಅಂಟಿಸಿದರೆ ಸಾಲದು. ಪೂರ್ಣ ಸಂಖ್ಯೆ ಬರೆಯಬೇಕು.

ಅಸಲಿನ ಲೆಕ್ಕ

ಈ ವ್ಯಾಪಾರದಲ್ಲಿ ನಷ್ಟವು ಬಹುತೇಕ ಕಣ್ಣಿಗೆ ಕಾಣದೆ ಆಗುತ್ತದೆ. ಲೆಕ್ಕದ ಸರಳತೆಗಾಗಿ ಒಂದು ಕಲ್ಪಿತ ಲಾಟನ್ನು ಪರಿಶೀಲಿಸೋಣ.

200 ಪೆಟ್ರೋಲ್ ಇಂಜೆಕ್ಟರ್‌ಗಳ ಲಾಟಿಗೆ ಕೊಟ್ಟ ಬೆಲೆ ರೂ. 50,000. ಎಲ್ಲವನ್ನೂ ಶುದ್ಧಗೊಳಿಸಿ ಪರೀಕ್ಷಿಸಲು ತಲಾ ರೂ. 60ರಂತೆ ರೂ. 12,000. ಪರೀಕ್ಷೆಯಲ್ಲಿ 150 ಉತ್ತೀರ್ಣವಾಗಿ 50 ತಿರಸ್ಕೃತವಾದವು. ಉತ್ತೀರ್ಣವಾದವುಗಳಿಗೆ ಓ-ರಿಂಗು ಮತ್ತು ಜರಡಿ ತಲಾ ರೂ. 80ರಂತೆ ರೂ. 12,000. ಒಟ್ಟು ವೆಚ್ಚ ರೂ. 74,000. ತಿರಸ್ಕೃತ ಮಾಲಿನಿಂದ ಗುಜರಿಯ ಬೆಲೆ ರೂ. 1,500 ಬಂದಿತು. ನಿವ್ವಳ ಅಸಲು ರೂ. 72,500.

ವರ್ತಕನು ಸಾಮಾನ್ಯವಾಗಿ ಹಾಕುವ ಲೆಕ್ಕವೇ ಬೇರೆ. ಲಾಟಿನ ಬೆಲೆ ತಲಾ ರೂ. 250, ಪರೀಕ್ಷೆ ಮತ್ತು ಓ-ರಿಂಗಿಗೆ ರೂ. 140, ಒಟ್ಟು ರೂ. 390 ಎಂದು ಲೆಕ್ಕ ಹಾಕಿ, ರೂ. 400ಕ್ಕೆ ಮಾರಿದರೆ ಹತ್ತು ರೂಪಾಯಿ ಲಾಭವೆಂದು ಭಾವಿಸುತ್ತಾನೆ. 150 ಇಂಜೆಕ್ಟರ್‌ಗಳಿಂದ ಬರುವುದು ರೂ. 60,000. ನಿವ್ವಳ ಅಸಲು ರೂ. 72,500. ಲಾಭವೆಂದುಕೊಂಡ ವ್ಯಾಪಾರದಲ್ಲಿ ರೂ. 12,500 ನಷ್ಟ. ತಿರಸ್ಕೃತವಾದ 50ರ ವೆಚ್ಚವನ್ನು ಉಳಿದ 150 ಹೊರಬೇಕೆಂಬುದನ್ನು ಮರೆತದ್ದೇ ಇದಕ್ಕೆ ಕಾರಣ. ನಿಜವಾದ ಸರಾಸರಿ ಅಸಲು ತಲಾ ಸುಮಾರು ರೂ. 483.

ಎಲ್ಲ ಇಂಜೆಕ್ಟರ್‌ಗಳ ಬೆಲೆಯೂ ಒಂದೇ ಅಲ್ಲ. ಹರಿವು ಹೊಂದುವಂತೆ ನಾಲ್ಕರ ಜೊತೆ ಮಾಡಿದವು 112, ಅಂದರೆ 28 ಜೊತೆ ದೊರೆತವೆಂದೂ ಅವು ತಲಾ ರೂ. 700ಕ್ಕೆ ಮಾರಾಟವಾಗುತ್ತವೆಂದೂ ಭಾವಿಸೋಣ. ಜೊತೆಯಾಗದ ಬಿಡಿ 38 ತಲಾ ರೂ. 400ಕ್ಕೆ ಹೋಗುತ್ತವೆ. ಒಟ್ಟು ಮಾರಾಟ ರೂ. 78,400 ಮತ್ತು ರೂ. 15,200, ಸೇರಿ ರೂ. 93,600. ಒಟ್ಟಾಗಿ ಕೊಂಡ ಮಾಲಿನ ಅಸಲನ್ನು ಮಾರಾಟ ಮೌಲ್ಯದ ಪ್ರಮಾಣದಲ್ಲಿ ಹಂಚಿದರೆ ಜೊತೆಯವುಗಳ ಅಸಲು ತಲಾ ಸುಮಾರು ರೂ. 542, ಬಿಡಿಯವುಗಳದು ಸುಮಾರು ರೂ. 310 ಆಗುತ್ತದೆ. ಒಟ್ಟು ಲಾಭ ರೂ. 21,100. ನಷ್ಟವನ್ನು ಲಾಭವಾಗಿಸಿದ್ದು ಗುರುತು, ಪರೀಕ್ಷೆ ಮತ್ತು ಜೊತೆಗೂಡಿಸುವಿಕೆ ಎಂಬುದು ಇಲ್ಲಿ ಗಮನಾರ್ಹ.

ವರ್ಷಾಂತ್ಯದಲ್ಲಿ ಉಳಿದ ದಾಸ್ತಾನನ್ನು ಅಸಲು ಅಥವಾ ಮಾರಿದರೆ ಕೈಗೆ ಬರಬಹುದಾದ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಹಿಡಿಯಬೇಕೆಂಬುದು ಲೆಕ್ಕಪತ್ರ ಮಾನದಂಡ-2ರ ನಿಯಮ. ರೂ. 310 ಅಸಲಿನ ಬಿಡಿ ಇಂಜೆಕ್ಟರಿಗೆ ಈಗ ರೂ. 200 ಮಾತ್ರ ದೊರೆಯುವಂತಿದ್ದರೆ ಅದನ್ನು ರೂ. 200ಕ್ಕೇ ಇಳಿಸಿ ತೋರಿಸಬೇಕು. ಮಾದರಿಗಳು ರಸ್ತೆಯಿಂದ ಮರೆಯಾಗುತ್ತಿರುವಾಗ ಹಳೆಯ ಮಾಲನ್ನು ಹಳೆಯ ಬೆಲೆಯಲ್ಲಿಯೇ ತೋರಿಸುತ್ತ ಹೋದರೆ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದಂತಾಗುತ್ತದೆ. ಅದೇ ದಾಸ್ತಾನಿನ ಆಧಾರದ ಮೇಲೆ ಬ್ಯಾಂಕಿನಿಂದ ಸಾಲ ಪಡೆದಿದ್ದರೆ ತೊಂದರೆ ಇನ್ನೂ ಹೆಚ್ಚು.

ಖರೀದಿಯ ದಾಖಲೆ

ಮಾಲು ಎಲ್ಲಿಂದ ಬಂದಿತೆಂಬುದಕ್ಕೆ ಕಾಗದವಿಲ್ಲದೆ ಖರೀದಿ ಮಾಡಬಾರದು. ಕಳವಿನ ಮಾಲೆಂದು ತಿಳಿದೂ ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆದುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಪ್ರಕರಣದಡಿ ಅಪರಾಧ. 2021ರ ಸೆಪ್ಟೆಂಬರ್‌ನಲ್ಲಿ ಅಧಿಸೂಚಿತವಾದ ನಿಯಮಗಳಂತೆ ನೋಂದಾಯಿತ ವಾಹನ ಗುಜರಿ ಕೇಂದ್ರಗಳ ವ್ಯವಸ್ಥೆ ಬಂದಿದೆ. ಜೀವಿತಾವಧಿ ಮುಗಿದ ವಾಹನಗಳ ಬಗೆಗಿನ ಪರಿಸರ ನಿಯಮಗಳು 2025ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಸಾಧ್ಯವಾದ ಮಟ್ಟಿಗೆ ಇಂತಹ ಕೇಂದ್ರಗಳಿಂದ ಅಥವಾ ವಿಮಾ ಹರಾಜಿನ ಮಾಲನ್ನು ಬಿಲ್ಲಿನ ಸಹಿತ ಕೊಳ್ಳುವುದು ಕ್ಷೇಮ. ಬಿಡಿ ಮಾರಾಟಗಾರರಿಂದ ಕೊಂಡರೆ ಅವರ ಗುರುತಿನ ಪತ್ರದ ಪ್ರತಿ, ವಿಳಾಸ ಮತ್ತು ಸಹಿ ಪಡೆದ ಖರೀದಿ ಚೀಟಿ ಇರಬೇಕು. ಒಬ್ಬರಿಗೆ ಒಂದು ದಿನದಲ್ಲಿ ರೂ. 10,000ಕ್ಕಿಂತ ಹೆಚ್ಚು ನಗದು ಪಾವತಿ ಮಾಡಿದರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಸಾಮಾನ್ಯವಾಗಿ ಮನ್ನಿಸುವುದಿಲ್ಲ.

ಸರಕು ಮತ್ತು ಸೇವಾ ತೆರಿಗೆ

ಇಂಜೆಕ್ಟರ್‌ಗಳು ಎಂಜಿನ್ನಿನ ಬಿಡಿಭಾಗಗಳಾಗಿ 8409ನೆಯ ಶೀರ್ಷಿಕೆಗೆ ಸೇರುತ್ತವೆ. ಈ ಶೀರ್ಷಿಕೆಯ ತೆರಿಗೆ ದರ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ.

ಬಳಸಿದ ಸರಕುಗಳ ವರ್ತಕರಿಗೆ ಕೇಂದ್ರ ಜಿಎಸ್‌ಟಿ ನಿಯಮ 32(5)ರಲ್ಲಿ ಒಂದು ಅನುಕೂಲವಿದೆ. ಸರಕನ್ನು ಇದ್ದ ಹಾಗೆಯೇ ಅಥವಾ ಅದರ ಸ್ವರೂಪ ಬದಲಾಗದಂತಹ ಸಣ್ಣ ಸಂಸ್ಕರಣೆಯ ನಂತರ ಮಾರಿದರೆ, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಮಾರಾಟ ಬೆಲೆ ಮತ್ತು ಖರೀದಿ ಬೆಲೆಯ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ. ಮೇಲಿನ ಉದಾಹರಣೆಯಲ್ಲಿ ರೂ. 250ಕ್ಕೆ ಕೊಂಡು ರೂ. 700ಕ್ಕೆ ಮಾರಿದರೆ ತೆರಿಗೆಯ ಮೌಲ್ಯ ರೂ. 450, ತೆರಿಗೆ ರೂ. 81; ಪೂರ್ಣ ಬೆಲೆಯ ಮೇಲಾದರೆ ರೂ. 126. ಇಲ್ಲಿ ಕಳೆಯುವುದು ಖರೀದಿ ಬೆಲೆಯನ್ನೇ ಹೊರತು ಲೆಕ್ಕಪತ್ರದ ರೂ. 542ರ ಅಸಲನ್ನಲ್ಲ. ಪ್ರತಿ ವಸ್ತುವಿನ ಖರೀದಿ ಬೆಲೆ ತೋರಿಸುವ ಪುಸ್ತಕವಿಲ್ಲದಿದ್ದರೆ ಈ ಅನುಕೂಲವನ್ನು ಸಮರ್ಥಿಸುವುದು ಕಷ್ಟ. ಇಡೀ ವಾಹನವನ್ನು ಕೊಂಡು ತಾವೇ ಕಳಚಿ ಮಾರುವವರು ‘ಇದ್ದ ಹಾಗೆಯೇ’ ಎಂಬ ಷರತ್ತು ತಮಗೆ ಹೊಂದುವುದೇ ಎಂಬ ಬಗ್ಗೆ ಮುಂಚಿತವಾಗಿಯೇ ಲಿಖಿತ ಸಲಹೆ ಪಡೆಯುವುದು ಒಳಿತು. ಗುಜರಿ ಕೇಂದ್ರದಿಂದ ತೆರಿಗೆ ಬಿಲ್ಲಿನ ಮೇಲೆ ಕೊಂಡವರು ತೆರಿಗೆ ಜಮೆ ಪಡೆದು ಪೂರ್ಣ ಬೆಲೆಗೆ ತೆರಿಗೆ ವಿಧಿಸಬಹುದು. ಎರಡು ಅನುಕೂಲಗಳನ್ನೂ ಒಟ್ಟಿಗೆ ಪಡೆಯುವಂತಿಲ್ಲ.

ಖರೀದಿ ಚೀಟಿಯಲ್ಲಿ ಏನೆಂದು ಬರೆಯುತ್ತಾರೆಂಬುದೂ ಮುಖ್ಯ. 2024ರ ಅಕ್ಟೋಬರ್ 10ರಿಂದ ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಂಡ ನೋಂದಾಯಿತ ವರ್ತಕನೇ ತೆರಿಗೆ ಕಟ್ಟಬೇಕು. ಬಿಡಿಭಾಗವಾಗಿ ಕೊಂಡ ಇಂಜೆಕ್ಟರನ್ನು ‘ಕಬ್ಬಿಣದ ಗುಜರಿ, ಇಷ್ಟು ಕಿಲೋ’ ಎಂದು ಬರೆದರೆ ಅನವಶ್ಯಕ ವಿವಾದಕ್ಕೆ ದಾರಿಯಾಗುತ್ತದೆ. ನಿಜಕ್ಕೂ ಗುಜರಿಯಾದುದನ್ನು ಗುಜರಿಯೆಂದೂ ಬಿಡಿಭಾಗವನ್ನು ಎಣಿಕೆಯ ಸಹಿತ ಬಿಡಿಭಾಗವೆಂದೂ ಬೇರೆಯಾಗಿ ಬರೆಯತಕ್ಕದ್ದು.

ಅತ್ತಿಬೆಲೆಯ ವರ್ತಕರು ನೆನಪಿಡಬೇಕಾದ ಇನ್ನೊಂದು ಅಂಶವಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ವಾಣಿಜ್ಯ ತೆರಿಗೆಯ ಗಡಿ ತನಿಖಾ ಠಾಣೆಗಳು ರದ್ದಾದವು. ಆದರೆ ಕಾನೂನಿನ ದೃಷ್ಟಿಯಲ್ಲಿ ಗಡಿ ಅಳಿದಿಲ್ಲ. ಕೆಲವೇ ಕಿಲೋಮೀಟರ್ ದೂರದ ಹೊಸೂರಿನ ಗ್ಯಾರೇಜಿಗೆ ಕಳುಹಿಸುವ ಮಾಲು ಅಂತರರಾಜ್ಯ ಪೂರೈಕೆ. ಅದಕ್ಕೆ ಐಜಿಎಸ್‌ಟಿ ವಿಧಿಸಬೇಕು. ರಾಜಿ ತೆರಿಗೆ ಅಥವಾ ಕಾಂಪೊಸಿಷನ್ ಯೋಜನೆಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ವಹಿವಾಟು ಎಷ್ಟೇ ಚಿಕ್ಕದಿದ್ದರೂ ಹೊರರಾಜ್ಯಕ್ಕೆ ಇಂತಹ ಸರಕು ಮಾರುವವರಿಗೆ ನೋಂದಣಿ ಕಡ್ಡಾಯ. ಸರಕಿನ ಮೌಲ್ಯ ರೂ. 50,000 ಮೀರಿದರೆ ಇ-ವೇ ಬಿಲ್ ಬೇಕು.

ಮಾರಾಟದ ಚೀಟಿ

ಗಿರಾಕಿಗೆ ಕೊಡುವ ಬಿಲ್ಲಿನಲ್ಲಿ ಐದು ಸಂಗತಿಗಳಿರಲಿ: ‘ಬಳಸಿದ್ದು’ ಎಂಬ ಸ್ಪಷ್ಟ ಮಾತು, ಪೂರ್ಣ ಸಂಖ್ಯೆ, ರೋಧ, ಒತ್ತಡದ ಸಹಿತ ಹರಿವು, ಪರೀಕ್ಷೆಯ ದಿನಾಂಕ. ಡೀಸೆಲ್‌ನದಾದರೆ ತಿದ್ದುಪಡಿ ಸಂಕೇತವೂ ಇರಲಿ. ಎಷ್ಟು ದಿನದೊಳಗೆ, ಯಾವ ಷರತ್ತಿನ ಮೇಲೆ ಹಿಂದಕ್ಕೆ ಪಡೆಯಲಾಗುವುದೆಂಬುದನ್ನೂ ಬರೆಯಬೇಕು. ತಯಾರಕರ ಹೆಸರಿನ ಹೊಸ ಪೆಟ್ಟಿಗೆಯಲ್ಲಿ ಹಳೆಯ ಇಂಜೆಕ್ಟರನ್ನಿಟ್ಟು ಕೊಡುವುದು ಟ್ರೇಡ್ ಮಾರ್ಕ್ ಕಾನೂನಿಗೂ ಗ್ರಾಹಕ ಸಂರಕ್ಷಣಾ ಕಾನೂನಿಗೂ ವಿರುದ್ಧ. ಮುಂದೆ ಎಂಜಿನ್ ಕೆಟ್ಟಿತೆಂದು ದೂರು ಬಂದಾಗ ವರ್ತಕನ ಪರವಾಗಿ ಸಾಕ್ಷಿ ಹೇಳುವುದು ಈ ಚೀಟಿಯೊಂದೇ.

ಉಪಸಂಹಾರ

ಒಂದು ಇಂಜೆಕ್ಟರಿಗೆ ಒಂದು ಸಾಲು ಎಂಬಂತೆ ಪುಸ್ತಕವೊಂದನ್ನು ಇಟ್ಟರೆ ಸಾಕು. ಕ್ರಮಸಂಖ್ಯೆ, ಎಲ್ಲಿಂದ ಬಂದಿತು, ಖರೀದಿ ಬೆಲೆ, ತಯಾರಕರ ಸಂಖ್ಯೆ, ರೋಧ, ಹರಿವು, ಯಾರಿಗೆ ಯಾವ ಬೆಲೆಗೆ ಮಾರಿತು ಎಂಬ ಈ ಸಾಲೇ ಮೆಕ್ಯಾನಿಕ್ಕಿಗೆ ಗುರುತು, ಗಿರಾಕಿಗೆ ಭರವಸೆ, ತೆರಿಗೆ ಅಧಿಕಾರಿಗೆ ಉತ್ತರ, ವರ್ಷಾಂತ್ಯಕ್ಕೆ ದಾಸ್ತಾನು ಪಟ್ಟಿ. ಈಗಾಗಲೇ ಅಂಗಡಿಯ ಮೂಲೆಯ ಡಬ್ಬಿಗಳಲ್ಲಿ ಹೆಸರಿಲ್ಲದ ಇಂಜೆಕ್ಟರ್‌ಗಳನ್ನು ತುಂಬಿಟ್ಟಿರುವವರು ಹೊಸ ಲಾಟು ಕೊಳ್ಳುವ ಮೊದಲು ಆ ಡಬ್ಬಿಗಳನ್ನು ಬರಿದು ಮಾಡಿ, ಗುರುತು ಸಿಕ್ಕವನ್ನು ಪುಸ್ತಕಕ್ಕೆ ಏರಿಸಿ, ಸಿಗದವನ್ನು ತೂಕಕ್ಕೆ ಹಾಕುವುದು ಒಳಿತು. ಹಾಗೆ ಮಾಡಿದಾಗ ಬರುವ ಮೊತ್ತ ಚಿಕ್ಕದಿರಬಹುದು. ಆದರೆ ತಮ್ಮ ಬಂಡವಾಳ ಎಷ್ಟೆಂಬುದು ವರ್ತಕರಿಗೆ ಅಂದು ನಿಖರವಾಗಿ ತಿಳಿದಿರುತ್ತದೆ.